ವ್ಯುತ್ಕ್ರಮ ಗೊತ್ತಿದ್ದ ಹುಡುಗಿಗೆ: ಊರು ಬಿಟ್ಟು ಎಂಜಿನಿಯರಿಂಗ್ ಕಾಲೇಜಿಗೆ ಹೊರಟಾಗ

2006ರಲ್ಲಿ ನಾನು ತಿಪಟೂರು ಕಡೆಯ ಒಂದು ಹಳ್ಳಿಯಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ವಿಜ್ಞಾನದ ಪುಸ್ತಕಗಳು ಇಂಗ್ಲಿಷಿನಲ್ಲಿದ್ದರೂ ಮೇಷ್ಟ್ರು ಪಾಠ ಹೇಳುತ್ತಿದ್ದದ್ದು ಕನ್ನಡದಲ್ಲಿ. ಬೆಂಗಳೂರಿಗೆ ಬಂದ ಎರಡನೆಯ ವಾರ, ಬೇಸಿಕ್ ಎಲೆಕ್ಟ್ರಿಕಲ್ ತರಗತಿಯಲ್ಲಿ, ಸಮಾಂತರವಾಗಿ ಜೋಡಿಸಿದ ರೋಧಗಳ ಲೆಕ್ಕ ನಡೆಯುತ್ತಿತ್ತು. ಮೇಡಂ ನನ್ನತ್ತ ಕೈ ತೋರಿಸಿ ನಾಲ್ಕರ ‘ರೆಸಿಪ್ರೊಕಲ್’ ಎಷ್ಟು ಎಂದು ಕೇಳಿದರು. ಎದ್ದು ನಿಂತೆ. ಬಾಯಿ ಕಟ್ಟಿಹೋಯಿತು. ಪಕ್ಕದ ಹುಡುಗಿ ಉತ್ತರ ಹೇಳಿದಳು, ನಾನು ಕುಳಿತೆ, ಪಾಠ ಮುಂದೆ ಹೋಯಿತು.

ಆ ಪದದ ಅರ್ಥ ನನಗೆ ತಿಳಿದದ್ದು ತಿಂಗಳಾದ ಮೇಲೆ. ಅದು ವ್ಯುತ್ಕ್ರಮ. ಪಿಯುಸಿಯ ಮೇಷ್ಟ್ರು ಅದನ್ನೇ ‘ತಿರುವಿ ಹಾಕಿ’ ಎನ್ನುತ್ತಿದ್ದರು. ನಾಲ್ಕರ ವ್ಯುತ್ಕ್ರಮ ಕಾಲು ಎಂಬುದು ನನಗೆ ಪ್ರಾಥಮಿಕ ಶಾಲೆಯಿಂದಲೂ ಗೊತ್ತಿದ್ದ ವಿಷಯ. ಗೊತ್ತಿದ್ದೂ ನಿಂತಲ್ಲೇ ನಿಂತೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ತರಗತಿ ಮುಗಿದ ಮೇಲೆ ಅದೇನೆಂದು ಯಾರನ್ನೂ ಕೇಳಲಿಲ್ಲ. ಮೊದಲ ವರ್ಷ ನಾನು ಕಳೆದುಕೊಂಡದ್ದರಲ್ಲಿ ಹೆಚ್ಚಿನದು ಹೀಗೆ ಕೇಳದೆ ಹೋದದ್ದು.

ಆ ಹದಿನೆಂಟರ ಹುಡುಗಿ ಈ ವರ್ಷ ಕಾಲೇಜಿಗೆ ಸೇರುತ್ತಿದ್ದಾಳೆ ಎಂದು ಭಾವಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇನೆ. ಆದ್ದರಿಂದ ‘ನೀನು’ ಎನ್ನುತ್ತೇನೆ. ಸೀಟು ಸಿಕ್ಕು, ಚೀಲ ಕಟ್ಟಲು ಕುಳಿತಿರುವ ಯಾರಾದರೂ ಇದನ್ನು ತಮಗೇ ಹೇಳಿದ್ದೆಂದು ಓದಿಕೊಳ್ಳಬಹುದು.

ಹೊರಡುವ ಮುನ್ನ: ಕಾಗದಪತ್ರ ಮತ್ತು ಹೆಸರು

ಮೊದಲು ನಿನ್ನ ಹೆಸರನ್ನು ಸರಿಮಾಡಿಕೋ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಪುಸ್ತಕ ಈ ಮೂರನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡು. ನಮ್ಮ ಕಡೆ ಅಪ್ಪನ ಹೆಸರಿನ ಮೊದಲಕ್ಷರ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಊರಿನಲ್ಲಿ ಇದರಿಂದ ಯಾರಿಗೂ ಏನೂ ಆಗಿರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನ ಅದೇ ಅಡ್ಡ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಉಳಿದವನ್ನು ಮಾಡಿಸು. ಆಧಾರ್ ತಿದ್ದುಪಡಿಗೆ ದಿನಗಳು ಹಿಡಿಯುತ್ತವೆ, ಕಾಲೇಜು ತೆರೆಯುವವರೆಗೆ ಕಾಯಬೇಡ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ಸಿಗುತ್ತವೆ. ಅವುಗಳ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ, ಮುಂದೆ ಎಲ್ಲ ಅರ್ಜಿಗಳೂ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ನಿನ್ನದು ಓದಿನ ನಡುವೆ ಮುಗಿಯುವಂತಿದ್ದರೆ ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಾ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಓದನ್ನು ತೋರಿಸುವ ವ್ಯಾಸಂಗ ಪ್ರಮಾಣಪತ್ರಗಳು ಬೇಕು, ಅವುಗಳ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಇರಬೇಕು. ಸೀಟು ಸಿಕ್ಕ ಮೇಲೂ ಅವನ್ನು ಎಸೆಯಬೇಡ, ಕಾಲೇಜಿನಲ್ಲಿ ಮತ್ತೆ ಕೇಳುತ್ತಾರೆ.

ಎಲ್ಲದರ ಐದೈದು ಜೆರಾಕ್ಸ್ ಮಾಡಿಸು. ಮೊಬೈಲಿನಲ್ಲಿ ಸ್ಪಷ್ಟವಾದ ಪ್ರತಿ ಇಟ್ಟುಕೋ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಮೇಲೆ ಕಾಲೇಜುಗಳು ಹಿಂದಿರುಗಿಸಬೇಕು, ತಮ್ಮ ಬಳಿ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2018ರಲ್ಲೇ ಹೇಳಿದೆ. ಆದರೂ ಯಾರಾದರೂ ಕೇಳಿ ಪಡೆದರೆ, ಏನೇನು ಕೊಟ್ಟೆ ಎಂದು ಬರೆದ ಹಾಳೆಯ ಮೇಲೆ ಅವರ ಸಹಿ ಮತ್ತು ಮೊಹರು ಪಡೆದೇ ಕೌಂಟರಿನಿಂದ ಆಚೆ ಬಾ.

ಮೊದಲ ವಾರ: ಕಚೇರಿಯಲ್ಲಿ ಮೂರು ಪ್ರಶ್ನೆ

ನನ್ನ ಮೊದಲ ವರ್ಷದ ವಿದ್ಯಾರ್ಥಿವೇತನ ಹೋದದ್ದು ನೋಟಿಸ್ ಬೋರ್ಡ್ ನೋಡದೆ. ಕೊನೆಯ ದಿನಾಂಕ ಕಳೆದು ನಾಲ್ಕು ದಿನಗಳಾದ ಮೇಲೆ ಕಚೇರಿಯ ಕಿಟಕಿಯ ಮುಂದೆ ನಿಂತೆ. ಒಳಗಿದ್ದವರು ತಲೆ ಎತ್ತದೆ ‘ಮುಂದಿನ ವರ್ಷ ಬಾಮ್ಮ’ ಎಂದರು. ಆ ಹಣ ಎಷ್ಟೆಂದು ಅಪ್ಪನಿಗೆ ಗೊತ್ತಿತ್ತು. ಆ ವರ್ಷ ಬೆಲೆ ಏರುವವರೆಗೆ ಕೊಬ್ಬರಿ ಇಟ್ಟುಕೊಳ್ಳೋಣ ಎಂದುಕೊಂಡಿದ್ದವನು ಎಪಿಎಂಸಿ ಹರಾಜಿಗೆ ಮೊದಲೇ ಮೂಟೆ ಹೊತ್ತು ಹೋದ.

ಹಾಗಾಗಿ ಮೊದಲ ದಿನವೇ ಕಚೇರಿಗೆ ಹೋಗು. ಯಾವ ಅರ್ಜಿಯ ವಿಷಯವೇ ಆಗಲಿ, ಈ ಮೂರನ್ನು ಕೇಳು: ಅರ್ಜಿಯ ಹೆಸರೇನು, ಕೊನೆಯ ದಿನ ಯಾವುದು, ಯಾರ ಸಹಿ ಬೇಕು. ಉತ್ತರವನ್ನು ಅಲ್ಲೇ ನಿಂತು ಚಿಕ್ಕ ಪುಸ್ತಕದಲ್ಲಿ ಬರೆದುಕೋ. ಬರೆದುಕೊಳ್ಳುತ್ತಿರುವವರಿಗೆ ಜನ ಸ್ವಲ್ಪ ನಿಧಾನವಾಗಿ, ಸ್ವಲ್ಪ ಸರಿಯಾಗಿ ಹೇಳುತ್ತಾರೆ; ಇದು ನಾನು ಕಂಡುಕೊಂಡ ಮಾತು. ಕಚೇರಿಯ ಅಟೆಂಡರ್, ಗ್ರಂಥಾಲಯದವರು, ಲ್ಯಾಬಿನ ಸಹಾಯಕರು ಇವರ ಪರಿಚಯ ಮಾಡಿಕೋ, ಹೆಸರು ಕೇಳಿಕೋ. ಯಾವ ಕಾಗದ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಣ: ಅರ್ಜಿ ಹಾಕುವುದು ನಿನ್ನ ಕೆಲಸ

ಈಗ ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸರ್ಕಾರಿ ಹಾಸ್ಟೆಲಿಗೆ ಬೇರೆಯೇ ಅರ್ಜಿ. ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ‘ವಿದ್ಯಾಸಿರಿ’ ಇದೆ. ಊಟ ಮತ್ತು ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳ ಲೆಕ್ಕದಲ್ಲಿ ಹಣ ಬರುತ್ತದೆ. ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಗಿಂತ ಕಡಿಮೆ ಇರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿಯಾಗಿ ಇವನ್ನು ಅಂಕಗಳ ಆಧಾರದ ಮೇಲೆ ಕೊಡುತ್ತಾರೆ. ಇದು ಸಿಇಟಿಯ ಹಂತದಲ್ಲೇ ಕೇಳಿ ಪಡೆಯಬೇಕಾದದ್ದು, ಆದ್ದರಿಂದ ನಿನಗೆ ತಡವಾಗಿದ್ದರೆ ತಂಗಿಗೆ ಹೇಳು.

ಹಣ ಮಂಜೂರಾದರೂ ಖಾತೆಗೆ ಬರದೆ ನಿಲ್ಲುವುದು ಬಹಳ ಸಲ ಒಂದೇ ಕಾರಣಕ್ಕೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇನೆ, ಸಾಕು ಎಂದು ನಾವು ತಿಳಿಯುತ್ತೇವೆ. ಸಾಲದು. ಸರ್ಕಾರದ ಹಣ ನೇರವಾಗಿ ಬರಬೇಕಾದರೆ ಆ ಖಾತೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ನಿನ್ನ ಆಧಾರ್ ಸಂಖ್ಯೆಗೆ ಜೋಡಣೆಯಾಗಿರಬೇಕು. ಬ್ಯಾಂಕಿನಲ್ಲಿ ಇದೇ ಮಾತು ಹೇಳಿ ಕೇಳು: ‘ನನ್ನ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ?’ ಎರಡು ಖಾತೆಗಳಿದ್ದರೆ ಯಾವುದಕ್ಕೆ ಆಗಿದೆ ಎಂದೂ ಕೇಳು.

ಪುಸ್ತಕಗಳನ್ನು ಹೊಸದಾಗಿ ಕೊಳ್ಳಬೇಡ. ಗ್ರಂಥಾಲಯದಲ್ಲಿ ತೆಗೆದುಕೋ, ಸೀನಿಯರುಗಳನ್ನು ಕೇಳು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಗೆ ಒಂದು ಶನಿವಾರ ಹೋಗಿ ಬಾ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕಾಲೇಜುಗಳ ಗ್ರಂಥಾಲಯದಲ್ಲಿ ಬುಕ್ ಬ್ಯಾಂಕ್ ಇರುತ್ತದೆ, ಕೇಳದಿದ್ದರೆ ಅದು ಇದೆ ಎಂಬುದೇ ತಿಳಿಯುವುದಿಲ್ಲ. ಊರಿಗೆ ಹೋಗಿಬರಲು ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲ. ನನ್ನ ಕಾಲದಲ್ಲಿ ಯಶವಂತಪುರದಿಂದ ರೈಲಿನ ದರ ಲೆಕ್ಕ ಹಾಕಿ ಎಷ್ಟೋ ಭಾನುವಾರ ಊರಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಭಾಷೆ: ಎರಡು ಕಾಲಂಗಳ ನೋಟ್‌ಬುಕ್

ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.

ಮೊದಲ ತಿಂಗಳು ನಿನಗೆ ಅನ್ನಿಸುವುದು ‘ನಾನು ದಡ್ಡಿ’ ಎಂದು. ಪಕ್ಕದಲ್ಲಿ ಕುಳಿತವಳು ಸರಾಗವಾಗಿ ಇಂಗ್ಲಿಷ್ ಮಾತನಾಡುತ್ತಾಳೆ, ಮೇಡಂ ಅವಳ ಮಾತಿಗೆ ತಲೆದೂಗುತ್ತಾರೆ. ಅವಳಿಗೆ ವಿಷಯ ಗೊತ್ತು ನಿನಗೆ ಗೊತ್ತಿಲ್ಲ ಎಂದು ನೀನೇ ತೀರ್ಮಾನ ಮಾಡಿಬಿಡುತ್ತೀಯೆ. ನಾನು ಹಾಗೆ ಮಾಡಿದೆ. ಆಮೇಲೆ ಅವಳದೇ ಬ್ಲೂ ಬುಕ್ (ಟೆಸ್ಟಿನ ಉತ್ತರ ಪುಸ್ತಕ) ನೋಡಿದಾಗ ಅವಳೂ ನನ್ನಂತೆಯೇ ತಪ್ಪು ಮಾಡಿದ್ದಳು. ವಿಭವಾಂತರ ಗೊತ್ತಿರುವವಳಿಗೆ ಪೊಟೆನ್ಷಿಯಲ್ ಡಿಫರೆನ್ಸ್ ಹೊಸ ವಿಷಯವಲ್ಲ. ವೇಗೋತ್ಕರ್ಷ, ವಕ್ರೀಭವನ, ವರ್ಗ ಸಮೀಕರಣ ಎಲ್ಲವೂ ನಿನ್ನೊಳಗೆ ಇವೆ. ಅವುಗಳಿಗೆ ಇನ್ನೊಂದು ಹೆಸರು ಕಟ್ಟಿಕೊಳ್ಳಬೇಕು, ಅಷ್ಟೇ.

ಮಾಡಬೇಕಾದದ್ದು ಹೀಗೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೋ. ಪುಟದ ನಡುವೆ ಗೆರೆ ಎಳೆ. ತರಗತಿಯಲ್ಲಿ ಅರ್ಥವಾಗದ ಪದ ಕೇಳಿಸಿದ ತಕ್ಷಣ ಎಡಗಡೆ ಬರೆ. ಕಾಗುಣಿತ ಗೊತ್ತಿಲ್ಲದಿದ್ದರೆ ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲೇ ಬರೆದುಕೋ, ಅದರಲ್ಲಿ ನಾಚಿಕೆ ಏನೂ ಇಲ್ಲ. ಅದೇ ದಿನ ಸಂಜೆ, ಮಲಗುವ ಮುನ್ನ, ಬಲಗಡೆ ತುಂಬಬೇಕು: ಕನ್ನಡದಲ್ಲಿ ಅದೇನು, ಒಂದು ಚಿಕ್ಕ ಚಿತ್ರ ಅಥವಾ ಒಂದು ಲೆಕ್ಕ. ನಿಘಂಟಿನ ಅರ್ಥ ಮಾತ್ರ ಬರೆದರೆ ಮರೆತುಹೋಗುತ್ತದೆ. ‘ರೆಸಿಪ್ರೊಕಲ್’ ಪಕ್ಕದಲ್ಲಿ ‘ವ್ಯುತ್ಕ್ರಮ, 4 ಇದ್ದರೆ 1/4’ ಎಂದು ಬರೆದದ್ದು ಇವತ್ತಿಗೂ ನನಗೆ ಮರೆತಿಲ್ಲ. ಒಂದೊಂದು ವಿಷಯದಲ್ಲಿ ಮತ್ತೆ ಮತ್ತೆ ಬರುವ ಪದಗಳು ನೀನು ಹೆದರಿರುವಷ್ಟು ಹೆಚ್ಚಿಲ್ಲ. ಎರಡನೆಯ ತಿಂಗಳಿಗೆ ಎಡಗಡೆ ಬರೆಯುವುದು ತಾನಾಗಿ ಕಡಿಮೆಯಾಗುತ್ತದೆ.

ಅದೇ ಪುಸ್ತಕದ ಕೊನೆಯ ಎರಡು ಪುಟಗಳನ್ನು ಪರೀಕ್ಷೆಯ ಕ್ರಿಯಾಪದಗಳಿಗೆ ಬಿಡು. ಡಿಫೈನ್ ಎಂದರೆ ಒಂದೆರಡು ಸಾಲಿನ ವ್ಯಾಖ್ಯೆ. ಸ್ಟೇಟ್ ಎಂದರೆ ನಿಯಮವನ್ನು ಇದ್ದ ಹಾಗೆ ಹೇಳುವುದು. ಡಿರೈವ್ ಎಂದರೆ ಮೊದಲ ಸಾಲಿನಿಂದ ಸೂತ್ರವನ್ನು ಪಡೆದು ತೋರಿಸುವುದು. ಡಿಸ್ಟಿಂಗ್ವಿಷ್ ಎಂದರೆ ಎರಡರ ವ್ಯತ್ಯಾಸ, ಪಟ್ಟಿ ಹಾಕಿ ಎದುರುಬದುರಾಗಿ. ಮೊದಲ ಟೆಸ್ಟಿನಲ್ಲಿ ನಾನು ಡಿಸ್ಟಿಂಗ್ವಿಷ್ ಪ್ರಶ್ನೆಗೆ ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ವಿವರಿಸಿ, ವ್ಯತ್ಯಾಸ ಎಲ್ಲೂ ಹೇಳದೆ ಬಂದೆ. 25ಕ್ಕೆ 7 ಅಂಕ. ಸ್ಕೆಚ್ ಎಂಬ ಪದ ಕಂಡರೆ ಚಿತ್ರಕ್ಕೆ ಅಂಕ ಇದೆ ಎಂದು ತಿಳಿ. ಚಿತ್ರ ಬರೆ, ಭಾಗಗಳನ್ನು ಹೆಸರಿಸು. ಅದಕ್ಕೆ ವ್ಯಾಕರಣ ಬೇಕಿಲ್ಲ.

ನನಗೆ ಸಿಗದ ಒಂದು ಅನುಕೂಲ ನಿನಗಿದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯವರ ಇ-ಕುಂಭ್ ಎಂಬ ಜಾಲತಾಣದಲ್ಲಿ ಎಂಜಿನಿಯರಿಂಗ್ ಪಠ್ಯಗಳು ಕನ್ನಡದಲ್ಲಿಯೂ ಉಚಿತವಾಗಿ ಸಿಗುತ್ತವೆ. ಮೊದಲು ಕನ್ನಡದಲ್ಲಿ ಅಧ್ಯಾಯ ಓದು, ಮಾರನೆಯ ದಿನ ಅದನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಓದು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳ ವಿಡಿಯೊಗಳೂ ಉಚಿತ. ವೇಗ ಕಡಿಮೆ ಮಾಡಿಕೊಂಡು, ಬೇಕಾದಲ್ಲಿ ನಿಲ್ಲಿಸಿಕೊಂಡು ಕೇಳಬಹುದು. ತರಗತಿಯ ಮೇಡಂ ಅವರನ್ನು ಹಾಗೆ ನಿಲ್ಲಿಸಲು ಆಗುವುದಿಲ್ಲವಲ್ಲ.

ಕೇಳುವುದನ್ನು ಕಲಿ

‘ಅರ್ಥವಾಗಲಿಲ್ಲ’ ಎಂದು ಹೇಳಿದರೆ ಯಾವ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ನೋಟ್‌ಬುಕ್ ತೆರೆದು ಬೆರಳಿಟ್ಟು ತೋರಿಸು: ‘ಸರ್, ಮೂರನೆಯ ಸಾಲಿನವರೆಗೆ ಬಂದೆ, ನಾಲ್ಕನೆಯದು ಹೇಗೆ ಬಂದಿತು?’ ನೀನು ಮೊದಲು ಪ್ರಯತ್ನ ಮಾಡಿದ್ದೀಯೆ ಎಂಬುದು ಅವರಿಗೆ ಕಾಣಬೇಕು. ತುಂಬಿದ ತರಗತಿಯಲ್ಲಿ ಕೈ ಎತ್ತಲು ಆಗದಿದ್ದರೆ ಎತ್ತಬೇಡ. ಪಾಠ ಮುಗಿಸಿ ಹೊರಗೆ ಬರುವಾಗ ಬಾಗಿಲ ಬಳಿ ಕೇಳು, ಇಲ್ಲವೇ ಊಟದ ಬಿಡುವಿನ ಕೊನೆಗೆ ಸ್ಟಾಫ್ ರೂಮಿಗೆ ಹೋಗು. ಕನ್ನಡ ಬಲ್ಲವರೊಂದಿಗೆ ಕನ್ನಡದಲ್ಲೇ ಕೇಳು. ಬೇರೆ ರಾಜ್ಯದಿಂದ ಬಂದ ಅಧ್ಯಾಪಕರಾದರೆ ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ ಓದು. ಬರೆದದ್ದನ್ನು ಓದುವಾಗ ನಾಲಿಗೆ ತೊದಲುವುದು ಕಡಿಮೆ.

ಒಂದು ನಿಯಮ ಇಟ್ಟುಕೋ. ಇವತ್ತಿನ ಸಂದೇಹ ನಾಳೆ ಸಂಜೆಯೊಳಗೆ ಯಾರದಾದರೂ ಕಿವಿಗೆ ಬೀಳಬೇಕು. ಅಧ್ಯಾಪಕರು ಸಿಗದಿದ್ದರೆ ಸಹಪಾಠಿ, ಸಹಪಾಠಿಗೂ ಗೊತ್ತಿಲ್ಲದಿದ್ದರೆ ಸೀನಿಯರ್. ನಿನ್ನ ತಾಲ್ಲೂಕಿನವರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಸೀನಿಯರುಗಳು ಕಾಲೇಜಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಹುಡುಕು. ನನಗೆ ‘ರೆಸಿಪ್ರೊಕಲ್’ ಬಿಡಿಸಿ ಹೇಳಿದ್ದು ಅರಸೀಕೆರೆ ಕಡೆಯ ಒಬ್ಬಳು ಅಕ್ಕ, ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು.

ಲ್ಯಾಬಿನ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದು ಇಂಗ್ಲಿಷ್ ಬಾರದೆ ಹೋದರೆ ಸುಮ್ಮನೆ ನಿಲ್ಲಬೇಡ. ‘ಸರ್, ಚಿತ್ರ ಬರೆದು ತೋರಿಸಲೇ?’ ಎಂದು ಕೇಳು. ಹೀಗೆ ಕೇಳಿದಾಗ ಬೇಡ ಎಂದ ಪರೀಕ್ಷಕರನ್ನು ನಾನು ನೋಡಿಲ್ಲ.

ಹಾಜರಾತಿ, ಟೆಸ್ಟ್, ಪರೀಕ್ಷೆ

ನಿನ್ನ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎಂದಿಟ್ಟುಕೊಂಡು ಹೇಳುತ್ತೇನೆ. ಸ್ವಾಯತ್ತ ಕಾಲೇಜಾದರೆ ಅಲ್ಲಿನ ನಿಯಮದ ಪುಸ್ತಕ ಕೇಳಿ ಪಡೆದು ಓದು. ಹಾಜರಾತಿ ಶೇ 85 ಬೇಕು. ಕಾಯಿಲೆಯಂಥ ಸರಿಯಾದ ಕಾರಣವಿದ್ದರೆ ಶೇ 75ರವರೆಗೆ ರಿಯಾಯಿತಿ. ಊರ ಹಬ್ಬಕ್ಕೆ, ಮದುವೆಗೆ ಎಂದು ಎರಡೆರಡು ದಿನ ಉಳಿದರೆ ಸೆಮಿಸ್ಟರಿನ ಕೊನೆಗೆ ಲೆಕ್ಕ ಕೂಡುವುದಿಲ್ಲ. ಜ್ವರ ಬಂದಾಗ ವೈದ್ಯರ ಚೀಟಿಯನ್ನು ಆ ವಾರವೇ ಕೊಟ್ಟುಬಿಡು.

ಒಂದು ವಿಷಯಕ್ಕೆ ಒಳಗಿನ ಮೌಲ್ಯಮಾಪನ 50, ಸೆಮಿಸ್ಟರ್ ಕೊನೆಯ ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಒಳಗಿನದರಲ್ಲಿ ಕನಿಷ್ಠ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಆದ್ದರಿಂದ ಮೊದಲ ಟೆಸ್ಟನ್ನು ಹಗುರವಾಗಿ ನೋಡಬೇಡ. ಬ್ಲೂ ಬುಕ್ ಕೈಗೆ ಬಂದ ದಿನ ಅಂಕವನ್ನು ಮಾತ್ರ ನೋಡಿ ಮಡಚಿಡದೆ, ಎಲ್ಲಿ ಅಂಕ ಹೋಯಿತು ಎಂದು ಒಂದೊಂದು ಪುಟ ತಿರುವಿ ನೋಡು, ತಿಳಿಯದಿದ್ದರೆ ಕೇಳು. ಕೊನೆಯ ಪರೀಕ್ಷೆಯಲ್ಲಿ ಹೆಚ್ಚಿನ ವಿಷಯಗಳಿಗೆ ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು, 20 ಅಂಕ. ಕಷ್ಟವೆಂದು ಒಂದು ಮಾಡ್ಯೂಲ್ ಬಿಟ್ಟರೆ 20 ಅಂಕ ಅಲ್ಲಿಗೇ ಹೋಯಿತು. ಗ್ರಂಥಾಲಯದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮೊದಲ ತಿಂಗಳಲ್ಲೇ ನೋಡು, ಪ್ರಶ್ನೆ ಕೇಳುವ ಧಾಟಿ ಕಿವಿಗೆ ಪಳಗುತ್ತದೆ.

ಇರುವುದು, ಉಣ್ಣುವುದು

ಪಿಜಿಯಲ್ಲಿ ಇರುವುದಾದರೆ ಮುಂಗಡ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನು ಹಣ ಕೊಡುವ ಮುನ್ನ ಬರೆಸಿಕೋ. ಬೆಳಗಿನ ತಿಂಡಿ ಬಿಡಬೇಡ. ಅಮ್ಮ ಕಟ್ಟಿಕೊಡುವ ಹುರಿಹಿಟ್ಟು, ಚಟ್ನಿಪುಡಿ ಹೊತ್ತುಕೊಂಡು ಬಾ, ಭಾರವೆನ್ನಬೇಡ.

ರ‍್ಯಾಗಿಂಗ್ ಎನ್ನುವುದು ತಮಾಷೆಯಲ್ಲ, ಅಪರಾಧ. ಯಾರಾದರೂ ಪೀಡಿಸಿದರೆ 1800-180-5522ಕ್ಕೆ ಕರೆ ಮಾಡಬಹುದು, ಅದು ಇಡೀ ದೇಶಕ್ಕೆ ಇರುವ ಉಚಿತ ಸಹಾಯವಾಣಿ. ಸಂಖ್ಯೆಯನ್ನು ಇವತ್ತೇ ಮೊಬೈಲಿನಲ್ಲಿ ಬರೆದಿಟ್ಟುಕೋ.

ಆರನೆಯ ವಾರ

ಇದು ಬಂದೇ ಬರುತ್ತದೆ. ಮೊದಲ ಟೆಸ್ಟ್ ಮುಗಿದಿರುತ್ತದೆ, ಹಬ್ಬಕ್ಕೆ ಊರಿಗೆ ಹೋಗಿರುತ್ತೀಯೆ, ವಾಪಸ್ ಹೊರಡುವ ಹಿಂದಿನ ರಾತ್ರಿ ಎದೆ ಕಲ್ಲಾಗುತ್ತದೆ. ನಾನು ದೀಪಾವಳಿಗೆ ಹೋದವಳು ಚೀಲವನ್ನೇ ಕಟ್ಟಲಿಲ್ಲ. ಅಪ್ಪ ಕಾಯಿ ಸುಲಿಯುತ್ತಿದ್ದ ಜಾಗಕ್ಕೆ ಹೋಗಿ, ನಾನು ಹೋಗುವುದಿಲ್ಲ, ಅಲ್ಲಿ ನನಗೆ ಏನೂ ಅರ್ಥವಾಗುವುದಿಲ್ಲ ಎಂದೆ. ಅಪ್ಪ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: ‘ಅಲ್ಲ ಕಣವ್ವ, ಅರ್ಥ ಆಗದೇ ಇದ್ದದ್ದನ್ನು ಅಲ್ಲಿ ಯಾರನ್ನಾದರೂ ಕೇಳಿದೆಯಾ?’

ನನ್ನ ಬಳಿ ಉತ್ತರ ಇರಲಿಲ್ಲ. ಮಾರನೆಯ ಬೆಳಿಗ್ಗೆ ರೈಲು ಹತ್ತಿದೆ. ಆ ವಾರವೇ ಅರಸೀಕೆರೆಯ ಅಕ್ಕನನ್ನು ಕೇಳಿದ್ದು.

ಆದರೆ ಎಲ್ಲ ಭಾರವೂ ಒಂದು ಪ್ರಶ್ನೆಗೆ ಇಳಿಯುವಂಥದ್ದಲ್ಲ. ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಎನ್ನಿಸಿದರೆ, ಆ ರಾತ್ರಿಯೇ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ಜೊತೆಗೆ ಒಬ್ಬ ಗೆಳತಿಗೋ ಮನೆಗೋ ಹೇಳು. ಕೋರ್ಸ್ ನಿಜವಾಗಿಯೂ ನಿನಗೆ ಒಗ್ಗದಿದ್ದರೆ ಬಿಡುವುದೂ ಒಂದು ದಾರಿಯೇ. ಅದನ್ನು ಹಬ್ಬದ ಮರುದಿನ ತೀರ್ಮಾನ ಮಾಡದೆ ಸೆಮಿಸ್ಟರ್ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಕುಳಿತು ಮಾತನಾಡು.

ಎರಡನೆಯ ಸೆಮಿಸ್ಟರ್

ಮೊದಲ ವರ್ಷದ ವಿಷಯಗಳನ್ನು ಎರಡು ಗುಂಪು ಮಾಡಿ, ಒಂದೊಂದು ಸೆಮಿಸ್ಟರಿಗೆ ಒಂದೊಂದನ್ನು ಕಲಿಸುತ್ತಾರೆ. ಫಿಸಿಕ್ಸ್ ಸೈಕಲ್‌ನಲ್ಲಿದ್ದವರು ಕೆಮಿಸ್ಟ್ರಿ ಸೈಕಲ್‌ಗೆ, ಅಲ್ಲಿದ್ದವರು ಇಲ್ಲಿಗೆ ಬರುತ್ತಾರೆ. ನೀನು ಮುಗಿಸಿದ ವಿಷಯವನ್ನು ಈಗ ಶುರು ಮಾಡುವ ಹುಡುಗಿಯರು ಅದೇ ಹಾಸ್ಟೆಲಿನಲ್ಲಿರುತ್ತಾರೆ. ಅವರೊಂದಿಗೆ ಪುಸ್ತಕ ಬದಲಿಸಿಕೋ. ಎರಡು ಕಾಲಂಗಳ ನೋಟ್‌ಬುಕ್ ಕೇಳಿದರೆ ಕೊಡು, ಆದರೆ ಮೊದಲು ಅದರ ಜೆರಾಕ್ಸ್ ತೆಗೆಸಿಕೋ. ಒಂದೆರಡು ವಿಷಯ ಉಳಿದಿದ್ದರೆ ಅದನ್ನು ಮುಚ್ಚಿಡದೆ ಮನೆಯಲ್ಲಿ ಹೇಳು, ಮುಂದಿನ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ಕಚೇರಿಯಲ್ಲಿ ಕೇಳಿ ಬರೆದುಕೋ. ಎಸ್‌ಎಸ್‌ಪಿ ಅರ್ಜಿಯನ್ನು ಎರಡನೆಯ ವರ್ಷಕ್ಕೆ ಮತ್ತೆ ಹಾಕಬೇಕು, ಅದು ತಾನಾಗಿ ಮುಂದುವರಿಯುವುದಿಲ್ಲ. ರಜೆಗೆ ಊರಿಗೆ ಹೊರಡುವ ಮುನ್ನ ಆ ಕಿಟಕಿಯ ಬಳಿ ಒಮ್ಮೆ ಹೋಗಿ ಬಾ.